ಹಡ್ಲಿಗೆ ಪಹಣೀಲಿ ಕಾಲಂ ಇಲ್ಲ: ಊರಿನ ನೀರು, ಕಾಡು, ಜೇನನ್ನ ನಕ್ಷೆ ಮೇಲೆ ತರೋದು ಹೇಗೆ

ನಮ್ಮೂರು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲೂಕಲ್ಲಿ, ಹೇಮಾವತಿಗೆ ಹೋಗಿ ಸೇರೋ ಒಂದು ಸಣ್ಣ ಹಳ್ಳದ ಪಕ್ಕ. ಊರ ಮೇಲ್ಗಡೆ ಒಂದು ಹಡ್ಲು ಇತ್ತು. ಮಲೆನಾಡಿನವರಿಗೆ ಹಡ್ಲು ಅಂದ್ರೆ ಬಿಡಿಸಿ ಹೇಳ್ಬೇಕಿಲ್ಲ, ಬೇರೆ ಕಡೆಯವರಿಗೆ ಹೇಳ್ತೀನಿ: ಎರಡು ಗುಡ್ಡದ ನಡುವಿನ ತಗ್ಗು, ಹಿಂದೆ ಭತ್ತ ಬೆಳೀತಿದ್ದ ಗದ್ದೆ, ಆಳು ಸಿಗ್ದೆ ಲಾಭ ಇಲ್ದೆ ಬೀಳು ಬಿಟ್ಟಿದ್ದು, ಈಗ ವರ್ಷಪೂರ್ತಿ ಜೌಗು ಹಿಡಿದು ಹುಲ್ಲು ಬೆಳೆದು ಕಾಲಿಟ್ರೆ ಮೊಣಕಾಲವರೆಗೂ ಹೂತ್ಕೊಳ್ಳೋ ಅಂಥ ಜಾಗ. ಊರಲ್ಲಿ ಎಲ್ರೂ ಅದನ್ನ "ವೇಸ್ಟ್ ಜಾಗ" ಅಂತಾನೇ ಕರೀತಿದ್ದಿದ್ದು, ನಾನೂ ಹಾಗೇ ಕರೀತಿದ್ದೆ. ಜಾಗದ ಓನರ್ ಅಡಿಕೆ ಹಾಕೋಣ ಅಂತ ಆಳವಾಗಿ ಬಸಿಗಾಲುವೆ ಹೊಡೆಸಿ, ಜೆಸಿಬಿ ತಂದು ಪಕ್ಕದ ಗುಡ್ಡದ ಮಣ್ಣು ತುಂಬಿಸಿದ್ರು. ಎರಡು ಬೇಸಿಗೆ ಕಳೆಯೋದ್ರೊಳಗೆ ಕೆಳಗಿನ ಮನೆಗಳ ಬಾವಿ ಏಪ್ರಿಲ್‌ಗೇ ತಳ ಕಾಣಿಸ್ತು, ಅಲ್ಲಿವರೆಗೆ ಮೇ ಕೊನೆಗೂ ಅವು ಬತ್ತಿದ್ದನ್ನ ನಾನು ನೋಡಿರ್ಲಿಲ್ಲ.

ಇದರಲ್ಲಿ ಓನರ್‌ದು ತಪ್ಪು ಅಂತ ನಾನು ಹೇಳಲ್ಲ. ಅವರದ್ದೇ ಜಾಗ, ಅವರಿಗೂ ಸಾಲ ಇದೆ, ಮತ್ತೆ ಬಾವಿ ನೀರಿಗೂ ಹಡ್ಲಿಗೂ ಸಂಬಂಧ ಇದೆ ಅಂತ ಅವರಿಗೂ ಗೊತ್ತಿರ್ಲಿಲ್ಲ, ಬಾವಿ ಇದ್ದವರಿಗೂ ಗೊತ್ತಿರ್ಲಿಲ್ಲ. ಆಮೇಲೆ ನಾನು ಆ ಸರ್ವೆ ನಂಬರಿನ ಪಹಣಿ ತೆಗೆದು ನೋಡ್ದೆ. ಅದರಲ್ಲಿ ಯಾರ ಹೆಸರಲ್ಲಿದೆ ಅಂತ ಇದೆ, ಎಷ್ಟು ಎಕರೆ ಎಷ್ಟು ಗುಂಟೆ ಅಂತ ಇದೆ, ತರಿಯೋ ಖುಷ್ಕಿಯೋ ಇದೆ, ಬೆಳೆ ಏನು ಅಂತ ಇದೆ, ಬ್ಯಾಂಕಿನ ಸಾಲಾನೂ ಇದೆ. ಈ ಜಾಗ ಕೆಳಗಿನ ಮನೆಗಳಿಗೆ ಬೇಸಿಗೆಯ ನೀರು ಹಿಡಿದಿಟ್ಕೊಂಡಿದೆ ಅನ್ನೋದಕ್ಕೆ ಮಾತ್ರ ಒಂದು ಕಾಲಂ ಇಲ್ಲ. ಪ್ರಕೃತಿ ನಕ್ಷೆ ಅಂತ ಈಗ ಜಗತ್ತಿನ ಎಲ್ಲಾ ಕಡೆ ಜನ ಮಾಡ್ತಿರೋದು ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಇಷ್ಟೇ ಹೇಳೋದು, ಪಹಣೀಲಿ ಇಲ್ದೇ ಇರೋ ಆ ಕಾಲಮ್ಮನ್ನ ತುಂಬಿಸೋ ಕೆಲಸ ಅದು.

ವಿಜ್ಞಾನಿಗಳು ಇದಕ್ಕೆ ಇಟ್ಟಿರೋ ಹೆಸರು ಇಕೋಸಿಸ್ಟಮ್ ಸರ್ವೀಸಸ್, ಕನ್ನಡದಲ್ಲಿ ಪರಿಸರ ಸೇವೆಗಳು ಅಂತ ಬರೀತಾರೆ. ಕಾಡು, ಕೆರೆ, ಹುಲ್ಲುಗಾವಲು, ಮಣ್ಣು ಇವೆಲ್ಲ ತಮ್ಮ ಪಾಡಿಗೆ ತಾವು ಇರೋದ್ರಿಂದಾನೇ ಮನುಷ್ಯರಿಗೆ ಸಿಗೋ ಉಪಕಾರ ಅಂತ ಅರ್ಥ. 2005ರಲ್ಲಿ ವಿಶ್ವಸಂಸ್ಥೆ ಕಡೆಯಿಂದ ಮಿಲೆನಿಯಂ ಇಕೋಸಿಸ್ಟಮ್ ಅಸೆಸ್‌ಮೆಂಟ್ ಅಂತ ಒಂದು ದೊಡ್ಡ ವರದಿ ಬಂತು, ಅದರಲ್ಲಿ ಇಂಥ 24 ಸೇವೆಗಳನ್ನ ಪರಿಶೀಲಿಸಿ 15 ಹದಗೆಡ್ತಾ ಇವೆ ಅಂತ ಹೇಳಿದ್ರು, ಮತ್ತೆ ಎಲ್ಲವನ್ನೂ ನಾಲ್ಕು ಗುಂಪು ಮಾಡಿದ್ರು. ನಮ್ಮ ಕಡೆ ಲೆಕ್ಕದಲ್ಲಿ ಹೇಳೋದಾದ್ರೆ ಕೈಗೆ ನೇರವಾಗಿ ಸಿಗೋದು ಒಂದು ಗುಂಪು: ಕುಡಿಯೋ ನೀರು, ಸೌದೆ, ಮಳೆಗಾಲದ ಕಳಲೆ, ಅಣಬೆ, ಕೆಸುವಿನ ಸೊಪ್ಪು, ಹಳ್ಳದ ಏಡಿ, ಜೇನು, ಕೊಟ್ಟಿಗೆಗೆ ಹಾಕೋ ದರಗು, ಅಂದ್ರೆ ಒಣಗಿದ ಎಲೆ. ಇನ್ನೊಂದು ಗುಂಪು ಕಣ್ಣಿಗೆ ಕಾಣದ ಕಾವಲು ಕೆಲಸದ್ದು: ಜೋರು ಮಳೇಲಿ ನೀರನ್ನ ತಡೆದು ನಿಧಾನಕ್ಕೆ ಬಿಡೋದು, ಗುಡ್ಡದ ಮಣ್ಣು ಜಾರದೇ ಇರೋ ಹಾಗೆ ಬೇರಲ್ಲಿ ಹಿಡಿಯೋದು, ಹೂವಿಂದ ಹೂವಿಗೆ ಪರಾಗ ದಾಟಿಸೋದು. ಮೂರನೇದು ಇವೆರಡಕ್ಕೂ ಬುಡದಲ್ಲಿರೋದು, ಎಲೆ ಕೊಳೆತು ಮಣ್ಣಾಗೋದು, ಸಾರ ಸುತ್ತಾಡೋದು. ನಾಲ್ಕನೇದು ಮನಸ್ಸಿಗೆ ಸಂಬಂಧಪಟ್ಟಿದ್ದು, ಅದಕ್ಕೆ ಉದಾಹರಣೆ ಬೇಕಂದ್ರೆ ದೀಪಾವಳಿ ಟೈಮಲ್ಲಿ ದೇವೀರಮ್ಮನ ಬೆಟ್ಟಕ್ಕೆ ಬರಿಗಾಲಲ್ಲಿ ಹತ್ತೋ ಸಾವಿರಾರು ಜನರನ್ನ ನೋಡಿದ್ರೆ ಸಾಕು, ಆ ಬೆಟ್ಟ ಅವರಿಗೆ ಏನು ಕೊಡತ್ತೆ ಅಂತ ಕೆಜಿ ಲೆಕ್ಕದಲ್ಲಿ ಹೇಳೋಕಾಗಲ್ಲ ಆದ್ರೆ ಕೊಡತ್ತೆ ಅನ್ನೋದು ನಿಜ.

ಮೂರನೇ ಗುಂಪನ್ನ ನಕ್ಷೇಲಿ ಸಾಮಾನ್ಯವಾಗಿ ಬೇರೆ ಲೆಕ್ಕ ಹಿಡಿಯಲ್ಲ. ಯಾಕಂದ್ರೆ ಮಣ್ಣು ಫಲವತ್ತಾಗಿದ್ದರ ಲಾಭ ಆಗಲೇ ಕಾಫೀಲೋ ಭತ್ತದಲ್ಲೋ ಬಂದಿರತ್ತೆ, ಮತ್ತೆ ಎಣಿಸಿದ್ರೆ ಒಂದೇ ಲಾಭ ಎರಡು ಸಲ ಬರ್ದಂಗಾಗತ್ತೆ.

ಇಷ್ಟು ಪಟ್ಟಿ ಮಾಡೋದು ಸುಲಭ, ಯಾರ್ ಬೇಕಾದ್ರೂ ಕೂತಲ್ಲೇ ಮಾಡಬಹುದು. ನಕ್ಷೆ ಬೇರೆ ವಿಷಯ. ನಕ್ಷೆ ಅಂದ್ರೆ ತುಂಬ ಜನ ಎಲ್ಲೆಲ್ಲಿ ಹಸಿರಿದೆಯೋ ಅಲ್ಲಿ ಹಸಿರು ಬಣ್ಣ ಹಚ್ಚೋದು ಅಂದ್ಕೊಳ್ತಾರೆ, ಅದರಿಂದ ಹೆಚ್ಚು ಪ್ರಯೋಜನ ಇಲ್ಲ. ಪ್ರತಿಯೊಂದು ಉಪಕಾರಕ್ಕೂ ಮೂರು ಪ್ರಶ್ನೆ ಕೇಳ್ಬೇಕು. ಅದು ಹುಟ್ಟೋದು ಎಲ್ಲಿ, ಬರೋದು ಯಾವ ದಾರೀಲಿ, ಮುಟ್ಟೋದು ಯಾರಿಗೆ. ಹುಟ್ಟೋ ಜಾಗ ಒಬ್ಬರ ಹೆಸರಲ್ಲಿ ಇರತ್ತೆ, ದಾರಿ ಮತ್ತೊಬ್ಬರ ತೋಟದೊಳಗೆ ಹೋಗತ್ತೆ, ಮುಟ್ಟೋದು ಇವರಿಬ್ಬರ ಮುಖಾನೂ ನೋಡದ ಮೂರನೆಯವರಿಗೆ.

ನೀರನ್ನೇ ತಗೊಳ್ಳಿ. ಹೇಮಾವತಿ ಹುಟ್ಟೋದು ನಮ್ಮ ತಾಲೂಕಿನ ಜಾವಳಿ ಹತ್ರ, ಸಕಲೇಶಪುರ ದಾಟಿ ಗೊರೂರು ಡ್ಯಾಮಿಗೆ ಹೋಗತ್ತೆ, ಆ ಡ್ಯಾಮಿನ ಕೆಪಾಸಿಟಿ 37 ಟಿಎಂಸಿ ಚಿಲ್ಲರೆ, ಅಲ್ಲಿಂದ ಕಾಲುವೇಲಿ ತುಮಕೂರು ಜಿಲ್ಲೆವರೆಗೂ ಹೋಗತ್ತೆ, ಉಳಿದಿದ್ದು ಕೆಆರ್‌ಎಸ್ ಹಿನ್ನೀರಲ್ಲಿ ಕಾವೇರಿಗೆ ಸೇರತ್ತೆ. ಬಾಬಾಬುಡನ್‌ಗಿರಿ ಸಾಲಿಂದ ಇಳಿಯೋ ಯಗಚಿ ಬೇಲೂರಿನ ಮೇಲೆ ಹೋಗಿ ಹೇಮಾವತಿಗೆ ಸೇರತ್ತೆ. ಅದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಹುಟ್ಟೋ ವೇದಾ ಮತ್ತು ಆವತಿ ಕಡೂರು ಕಡೆ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗತ್ತೆ. ತುಂಗೆ ಭದ್ರೆ ಗಂಗಾಮೂಲದಲ್ಲಿ ಹುಟ್ಟಿ ಉತ್ತರಕ್ಕೆ ಹೋಗ್ತವೆ, ನೇತ್ರಾವತಿ ಅದೇ ಕುದುರೆಮುಖದ ಕಡೆಯಿಂದ ಪಡುವಲಿಗೆ ಇಳಿದು ಮಂಗಳೂರಿಗೆ ಹೋಗತ್ತೆ. ಅಂದ್ರೆ ಹಿರಿಯೂರಲ್ಲಿ ತೆಂಗಿನ ತೋಟ ಮಾಡಿರೋ ರೈತ, ಗುಬ್ಬಿ ಕಡೆ ನಾಲೆ ನೀರು ನೋಡ್ತಾ ಕೂತಿರೋ ರೈತ, ಮಂಗಳೂರಲ್ಲಿ ನಲ್ಲಿ ತಿರುಗಿಸೋರು ಎಲ್ರೂ ನಮ್ಮ ಜಿಲ್ಲೆಯ ಶೋಲೆ ಕಾಡು (ಗುಡ್ಡದ ಕಣಿವೆ ಮಡಿಕೇಲಿರೋ ಕಾಡು), ಗುಡ್ಡದ ಹುಲ್ಲು, ಹಡ್ಲಿನ ಫಲಾನುಭವಿಗಳು.

ಜೇನಿನ ಲೆಕ್ಕ ಇಷ್ಟು ಉದ್ದ ಹೋಗಲ್ಲ. ಕಾಫೀಲಿ ಅರೇಬಿಕಾ ತನ್ನ ಪರಾಗದಿಂದಾನೇ ಕಾಯಿ ಕಟ್ಟಬಲ್ಲದು, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು, ಅದನ್ನ ಗಾಳಿಯೂ ತರತ್ತೆ ಜೇನೂ ತರತ್ತೆ. ಹೂಮಳೆ ಆಗಿಯೋ ಸ್ಪ್ರಿಂಕ್ಲರ್ ಕೊಟ್ಟೋ ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟಾನೇ ಬೆಳ್ಳಗಾಗೋದು ನೋಡಿರ್ತೀರಿ, ಆ ಎರಡು ಮೂರು ದಿನದಲ್ಲಿ ಜೇನು ಬಂದ್ರೆ ಬಂತು. 2004ರಲ್ಲಿ ಕೋಸ್ಟಾರಿಕಾದ ಒಂದು ಕಾಫಿ ತೋಟದ ಬಗ್ಗೆ ಅಧ್ಯಯನ ಬಂದಿತ್ತು, ಕಾಡಿಂದ ಸುಮಾರು ಒಂದು ಕಿಲೋಮೀಟರ್ ಒಳಗಿದ್ದ ಗಿಡಗಳಲ್ಲಿ ಇಳುವರಿ 20 ಪರ್ಸೆಂಟ್ ಜಾಸ್ತಿ ಸಿಕ್ಕಿತ್ತು, ತೋಟದ ಪಕ್ಕದ ಎರಡು ಕಾಡಿನ ತುಂಡುಗಳಿಂದ ಆ ಒಂದೇ ತೋಟಕ್ಕೆ ವರ್ಷಕ್ಕೆ 60 ಸಾವಿರ ಡಾಲರ್ ಆಸುಪಾಸು ಲಾಭ ಅಂತ ಲೆಕ್ಕ ಹಾಕಿದ್ರು. ಗಮನಿಸಿ, ಅಲ್ಲಿ ಗಿಡ ಅರೇಬಿಕಾ. ತನಗೆ ತಾನೇ ಕಾಯಿ ಕಟ್ಟೋ ಜಾತೀಲೇ ಇಷ್ಟು ವ್ಯತ್ಯಾಸ.

ಹಾಗಾಗಿ ನಮ್ಮೂರಿನ ನಕ್ಷೇಲಿ ಒಂದು ಜೇನು ಮರ ಬರೀ ಒಂದು ಚುಕ್ಕೆ ಅಲ್ಲ. ಹೆಜ್ಜೇನು ವರ್ಷ ವರ್ಷ ಬಂದು ಅದೇ ಎತ್ತರದ ಮರಕ್ಕೆ ಕೂರತ್ತೆ, ಒಂದೇ ಮರದಲ್ಲಿ ಹತ್ತಾರು ಜೇನುಗೂಡು ನೇತಾಡ್ತಿರತ್ತೆ. ಆ ಮರ ಒಬ್ಬರ ತೋಟದ್ದು, ಹೂವು ಹತ್ತು ಜನರ ತೋಟದ್ದು. ಚುಕ್ಕೆ ಸುತ್ತ ಒಂದು ಕಿಲೋಮೀಟರ್ ವೃತ್ತ ಎಳೆದು ನೋಡಿದಾಗ ಅದರೊಳಗೆ ಯಾರ್ಯಾರ ತೋಟ ಬರತ್ತೆ ಅಂತ ಕಾಣ್ತು, ಅದನ್ನ ನೋಡಿದ ಮೇಲೆ ಆ ಮರ ಮಾರೋ ಮಾತು ಬಂದಾಗ ಅಕ್ಕಪಕ್ಕದವರೂ ಮಾತಾಡೋಕೆ ಶುರು ಮಾಡಿದ್ರು, ಮೊದಲು ಹಾಗೆ ಮಾತಾಡೋಕೆ ಅವರಿಗೆ ಒಂದು ಆಧಾರ ಇರ್ಲಿಲ್ಲ.

ಇನ್ನು ಸ್ಯಾಟಲೈಟ್ ವಿಷಯ. ಯುರೋಪಿನ ಸೆಂಟಿನೆಲ್-2 ಸ್ಯಾಟಲೈಟ್ ಚಿತ್ರ ಯಾರಿಗೆ ಬೇಕಾದ್ರೂ ಫ್ರೀ ಸಿಗತ್ತೆ, ಒಂದು ಚುಕ್ಕೆ ಅಂದ್ರೆ ನೆಲದಲ್ಲಿ 10 ಮೀಟರ್ ಉದ್ದ 10 ಮೀಟರ್ ಅಗಲ, ಸುಮಾರು ಐದು ದಿನಕ್ಕೊಂದ್ಸಲ ಅದೇ ಜಾಗದ ಮೇಲೆ ಬರತ್ತೆ. ನಮ್ಮ ಇಸ್ರೋದ ನಕ್ಷೆ ವೆಬ್‌ಸೈಟ್ ಭುವನ್ ಇದೆ. ಕ್ಯೂಜಿಐಎಸ್ ಅಂತ ನಕ್ಷೆ ಮಾಡೋಕೆ ದುಡ್ಡು ಕೊಡ್ಬೇಕಾಗಿಲ್ದೇ ಇರೋ ಸಾಫ್ಟ್‌ವೇರ್ ಇದೆ, ಸಾಧಾರಣ ಲ್ಯಾಪ್‌ಟಾಪಲ್ಲಿ ಓಡತ್ತೆ. ಇದೆಲ್ಲ ಇರೋದು ಬಹಳ ದೊಡ್ಡ ಅನುಕೂಲ, ಆದ್ರೆ ಮೇಲಿಂದ ನೋಡಿದ್ದನ್ನೇ ನಂಬಿದ್ರೆ ನಮ್ಮ ಜಿಲ್ಲೇಲಿ ಎರಡು ದೊಡ್ಡ ತಪ್ಪು ಆಗತ್ತೆ.

ಒಂದು, ಕಾಫಿ ತೋಟ ಕಾಡಾಗಿ ಕಾಣತ್ತೆ. ಭಾರತೀಯ ಅರಣ್ಯ ಸರ್ವೇಕ್ಷಣೆಯವರ ವ್ಯಾಖ್ಯೆ ಪ್ರಕಾರ ಒಂದು ಹೆಕ್ಟೇರಿಗಿಂತ ದೊಡ್ಡದಾಗಿದ್ದು ಮರದ ನೆರಳು 10 ಪರ್ಸೆಂಟ್ ಮೇಲಿದ್ರೆ ಅದು ಅರಣ್ಯ ಹೊದಿಕೆ, ಜಾಗ ಯಾರದ್ದು ಅಂತಾಗ್ಲಿ ಮರ ಯಾವುದು ಅಂತಾಗ್ಲಿ ಕೇಳಲ್ಲ. ಹೀಗಾಗಿ ಅತ್ತಿ, ಬಸರಿ, ಹಲಸು, ನೇರಳೆ, ಮತ್ತಿ, ನಂದಿ ಎಲ್ಲಾ ಇರೋ ಹಳೇ ತೋಟವೂ ಹಸಿರು, ಬರೀ ಸಿಲ್ವರ್ ಓಕ್ ಸಾಲು ನೆಟ್ಟಿರೋ ತೋಟವೂ ಅದೇ ಹಸಿರು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ನೇರ ಬೆಳೆಯತ್ತೆ, ಮೆಣಸಿನ ಬಳ್ಳಿ ಹಬ್ಬತ್ತೆ, ಮಾರೋಕೆ ಪರ್ಮಿಷನ್ ತಾಪತ್ರಯ ಕಮ್ಮಿ, ಹಾಕಿದವರನ್ನ ದೂರೋಕಾಗಲ್ಲ. ಆದ್ರೆ ಅತ್ತಿ ಮರ ಹಣ್ಣು ಬಿಟ್ಟಾಗ ಅಲ್ಲಿಗೆ ಬರೋ ಮಂಗಟ್ಟೆ ಹಕ್ಕಿ, ಬಾವಲಿ, ಕಬ್ಬೆಕ್ಕು ಇಲ್ಲಿಗೆ ಬರಲ್ಲ, ಉದುರಿದ ಎಲೆ ಹಾಲುವಾಣದ ಎಲೆ ತರ ಬೇಗ ಕೊಳೆಯಲ್ಲ. ಸ್ಯಾಟಲೈಟ್ ಚಿತ್ರದಲ್ಲಿ ಎರಡನ್ನೂ ಬೇರೆ ಮಾಡೋಕೆ ಬಹಳ ಕಷ್ಟ ಪಡ್ಬೇಕು, ತೋಟದೊಳಗೆ ಹತ್ತು ನಿಮಿಷ ನಡೆದ್ರೆ ಗೊತ್ತಾಗತ್ತೆ.

ಇನ್ನೊಂದು ಇದರ ಉಲ್ಟಾ. ಮರ ಇಲ್ಲದ ಜಾಗ ಖಾಲಿ ಅಂತ ಕಾಣತ್ತೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ತಲೆ ಮೇಲಿರೋ ಹುಲ್ಲು, ಕಾಡು ಕಡಿದ ಮೇಲೆ ಉಳಿದಿದ್ದಲ್ಲ, ಅದು ಅಲ್ಲಿನ ಮೂಲ ಸ್ವರೂಪ. ಹುಲ್ಲು ಮಂಜು ಮಳೆ ಹಿಡಿಯತ್ತೆ, ಮಡಚಿದ ಕಣಿವೇಲಿ ಶೋಲೆ ಕಾಡು ಆ ನೀರನ್ನ ಹಿಡಿದಿಟ್ಟು ತೊಟ್ಟು ತೊಟ್ಟಾಗಿ ಬಿಡತ್ತೆ, ಎರಡೂ ಸೇರಿನೇ ಹಳ್ಳ ಹುಟ್ಟೋದು. ಕಡೂರು ತಾಲೂಕಿನ ಹೊಗ್ರೇಕಾನನ್ನ 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಮಾಡಿದ್ದು ಇಂಥ ಶೋಲೆ ಹುಲ್ಲುಗಾವಲಿಗೇ. ಬಯಲುಸೀಮೆ ಕಡೆ ಇಳಿದ್ರೆ ಅಮೃತ ಮಹಲ್ ಕಾವಲುಗಳಿವೆ, ಮೈಸೂರು ಸಂಸ್ಥಾನದ ಕಾಲದಲ್ಲಿ ದನಗಳಿಗೆ ಅಂತ ಕಾಯ್ದಿಟ್ಟ ಹುಲ್ಲುಗಾವಲು, ಅಜ್ಜಂಪುರದಲ್ಲಿ ಇವತ್ತಿಗೂ ಆ ತಳಿಯ ಕೇಂದ್ರ ಇದೆ. ಕಡೂರಿನ ಬಾಸೂರು ಕಾವಲನ್ನ 2011ರಲ್ಲಿ ಕೃಷ್ಣಮೃಗಕ್ಕಾಗಿ ಸಂರಕ್ಷಿತ ಮೀಸಲು ಮಾಡಿದ್ರು. ಇಂಥಾ ಕಾವಲನ್ನ ಎಷ್ಟೋ ನಕ್ಷೆಗಳಲ್ಲಿ ಪಾಳು ಭೂಮಿ ಅಂತ ತೋರಿಸ್ತಾರೆ, ಪಾಳು ಅಂತ ಬರೆದ ಮೇಲೆ ಅಲ್ಲಿ ಅಕೇಶಿಯಾ ನೆಡೋದು, ಬೇರೆ ಕೆಲಸಕ್ಕೆ ಕೊಡೋದು ತಪ್ಪು ಅಂತಾನೇ ಯಾರಿಗೂ ಅನ್ಸಲ್ಲ. ಕುರಿ ಮೇಯಿಸೋ ಒಬ್ಬ ಹಿರಿಯರನ್ನ ಕೇಳಿದ್ರೆ ಯಾವ ಹುಲ್ಲು ಯಾವ ತಿಂಗಳು, ಯಾವ ಕಟ್ಟೇಲಿ ಯಾವಾಗಿನವರೆಗೆ ನೀರು ಅಂತ ಪೂರ್ತಿ ಕಾವಲಿನ ಕ್ಯಾಲೆಂಡರ್ ಹೇಳ್ತಾರೆ. ಪಾಳು ಅನ್ನೋ ಒಂದು ಪದ ಇಷ್ಟು ಜ್ಞಾನವನ್ನ ಅಳಿಸಿ ಹಾಕತ್ತೆ ಅನ್ನೋದು ನನಗೆ ನಿಜಕ್ಕೂ ನೋವು ಕೊಡೋ ವಿಷಯ.

ಸರಿ, ನಾವು ಮಾಡಿದ್ದು ಹೇಗೆ ಅಂತ ಹೇಳ್ತೀನಿ. ನಾವು ಏಳೆಂಟು ಜನ. ಮೊದಲು ಟೋಪೋಶೀಟ್ (ಗುಡ್ಡ, ಹಳ್ಳ, ರಸ್ತೆ ಎಲ್ಲಾ ತೋರಿಸೋ ನಕ್ಷೆ) ತಗೊಂಡ್ವಿ, ಸರ್ವೆ ಆಫ್ ಇಂಡಿಯಾದ್ದು, 1:50,000 ಸ್ಕೇಲಿಂದು, ಅಂದ್ರೆ ಕಾಗದದ ಮೇಲೆ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಆ ಸ್ಕೇಲಲ್ಲಿ ನಮ್ಮ ಇಡೀ ಊರು ಬೆಂಕಿಪೊಟ್ಟಣದಷ್ಟು, ಹಡ್ಲು ಕಾಣೋದೇ ಇಲ್ಲ. ಆಮೇಲೆ ಸರ್ಕಾರದ ದಿಶಾಂಕ್ ಆ್ಯಪ್, ಮೊಬೈಲ್ ಹಿಡ್ಕೊಂಡು ನಿಂತ ಜಾಗದ ಸರ್ವೆ ನಂಬರ್ ತೋರಿಸತ್ತೆ, ಗೋಮಾಳವೋ ಖಾಸಗಿಯೋ ಅಂತ ತಿಳ್ಕೊಳೋಕೆ ಬಹಳ ಉಪಯೋಗ ಆಯ್ತು. ದೊಡ್ಡ ಡ್ರಾಯಿಂಗ್ ಶೀಟ್ ಮೇಲೆ ರಸ್ತೆ, ಹಳ್ಳ, ದೇವಸ್ಥಾನ, ಸ್ಕೂಲು ಇಷ್ಟೇ ಬರ್ಕೊಂಡು ಊರವರ ಮುಂದೆ ಹಾಸಿದ್ವಿ, ಉಳಿದಿದ್ದನ್ನ ನೀವು ಹೇಳಿ ಅಂತ.

ಮೊದಲ ದಿನ ಗಂಡಸರೇ ಬಂದಿದ್ರು, ಬೌಂಡರಿ ಬಗ್ಗೆ ಮಾತಾಡಿದ್ರು, ಆನೆ ದಾಟೋ ಜಾಗ ಗುರುತು ಮಾಡಿದ್ರು. ನೀರಿನ ಬಗ್ಗೆ ಹೆಚ್ಚೇನೂ ಬರ್ಲಿಲ್ಲ. ಎರಡನೇ ದಿನ ನಮ್ಮ ಅತ್ತೆ ಬಂದು ಶೀಟ್ ಮೇಲೆ ಕೈಯಿಟ್ಟು, "ಇಲ್ಲಿ ಒರತೆ ಇರೋದು ಹಾಕೇ ಇಲ್ವಲ್ಲೋ ನೀನು, ದೇವರಕಾಡಿನ ಹಿಂದೆ, ನಾನು ಮದ್ವೆಯಾಗಿ ಬಂದ ವರ್ಷ ಎಲ್ಲಾ ಬಾವಿ ಬತ್ತಿದಾಗ ಇಡೀ ಊರು ಅಲ್ಲಿಂದಾನೇ ನೀರು ಹೊತ್ತಿದ್ದು" ಅಂದ್ರು. ನಾನು ಆ ಊರಲ್ಲೇ ಹುಟ್ಟಿ ಬೆಳೆದವನು, ಆ ಒರತೆ ನೋಡೇ ಇರ್ಲಿಲ್ಲ. "ಈಗ್ಲೂ ಇದ್ಯಾ ಅತ್ತೆ?" ಅಂದೆ. "ಹೋಗಿ ನೋಡ್ಕೊಂಡ್ ಬಾ, ಕತ್ತಿ ತಗೊಂಡ್ ಹೋಗು, ಲಂಟಾನ ಮುಚ್ಚಿರತ್ತೆ" ಅಂದ್ರು. ಹೋದ್ವಿ. ಇತ್ತು.

ಅವತ್ತಿಂದ ಯಾರ ಹತ್ರ ಏನು ಕೇಳ್ಬೇಕು ಅಂತ ಗೊತ್ತಾಯ್ತು. ನೀರು ಹೆಂಗಸರಿಗೆ ಗೊತ್ತು, ಸೊಪ್ಪು ಅಣಬೆ ಕಳಲೆಯ ಜಾಗ ಲೈನ್ ಮನೆಗಳಲ್ಲಿರೋ ಕೂಲಿಯವರಿಗೆ ಗೊತ್ತು ಯಾಕಂದ್ರೆ ಮಳೆಗಾಲದಲ್ಲಿ ಅವರ ಊಟದ ದೊಡ್ಡ ಭಾಗ ಅದೇ, ಜೇನು ಕೀಳೋರಿಗೆ ಮರಗಳು ಗೊತ್ತು, ತೋಟದ ಲೆಕ್ಕ ಬರೆಯೋ ರೈಟರುಗಳ ಹತ್ರ ಮಳೆ ಲೆಕ್ಕ ಇರತ್ತೆ. ಮಳೆ ಲೆಕ್ಕದ ಬಗ್ಗೆ ಒಂದು ಮಾತು ಹೇಳ್ಲೇಬೇಕು, ನಮ್ಮ ಕಡೆ ಎಷ್ಟೋ ಎಸ್ಟೇಟುಗಳಲ್ಲಿ ತಲೆಮಾರುಗಳಿಂದ ದಿನದಿನದ ಮಳೆ ಇಂಚಲ್ಲಿ ಬರೆದಿಟ್ಟಿರೋ ಪುಸ್ತಕ ಇದೆ, ಅದು ಬೇರೆ ಕಡೆಯವರಿಗೆ ಸಿಗದ ಸಂಪತ್ತು, ದಯವಿಟ್ಟು ಹಳೇ ಪೇಪರ್ ಜೊತೆ ಹಾಕ್ಬೇಡಿ.

ಆ ಇಂಚನ್ನ ಲೀಟರಿಗೆ ತಂದಾಗಲೇ ಹಡ್ಲಿನ ಬೆಲೆ ನನಗೆ ತಲೆಗೆ ಹೋಗಿದ್ದು. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಹಡ್ಲಿಗೆ ನೀರು ಇಳಿಯೋ ಎರಡು ಗುಡ್ಡದ ಮಗ್ಗುಲು ಸೇರಿ 30 ಎಕರೆ ಅಂತ ಇಟ್ಕೊಳ್ಳಿ, ಒಂದೇ ಇಂಚಿಗೆ 30 ಲಕ್ಷ ಲೀಟರ್ ಮಳೆ ಆ ಮಗ್ಗುಲಿಗೆ ಬೀಳತ್ತೆ. ನಮ್ಮಲ್ಲಿ ಜುಲೈಯಲ್ಲಿ ಒಂದೇ ದಿನ ಮೂರು ನಾಲ್ಕು ಇಂಚು ಬೀಳೋದು ದೊಡ್ಡ ಸುದ್ದಿ ಅಲ್ಲ. ಅಂದ್ರೆ ನೀರು ಕಮ್ಮಿ ಅನ್ನೋ ಪ್ರಶ್ನೆ ಇಲ್ಲ, ಜುಲೈ ನೀರು ಏಪ್ರಿಲ್‌ವರೆಗೆ ನಿಲ್ಲೋದು ಎಲ್ಲಿ ಅನ್ನೋದೇ ಪ್ರಶ್ನೆ. ಹಡ್ಲು ಸಪಾಟು, ನೀರು ಅಲ್ಲಿ ಓಡಲ್ಲ, ನಿಲ್ಲತ್ತೆ, ತಂದ ಹೂಳು ಅಲ್ಲೇ ಬಿಡತ್ತೆ, ಅಡೀಲಿರೋ ಕಪ್ಪು ಮಣ್ಣು ಕೊಳೆತ ಹುಲ್ಲು ಬೇರು ಎಲ್ಲಾ ಸೇರಿ ಸ್ಪಂಜ್ ತರ, ಸುತ್ತಲಿನ ನೆಲದ ನೀರಿನ ಮಟ್ಟವನ್ನ ಮೇಲೇ ಹಿಡಿದಿರತ್ತೆ. ಬಸಿಗಾಲುವೆ ಆರಡಿ ಆಳ ಹೊಡೆದ್ರೆ ಅಕ್ಕಪಕ್ಕದ ನೀರಿನ ಮಟ್ಟ ಕಾಲುವೆ ತಳದ ಕಡೆಗೆ ಇಳಿಯತ್ತೆ, ಮಳೆಗಾಲದಲ್ಲೇ ನೀರು ಬಸಿದು ಹಳ್ಳಕ್ಕೆ ಹೋಗಿಬಿಡತ್ತೆ. ಮಳೆಗಾಲದಲ್ಲಿ ಆ ನೀರು ಯಾರಿಗೂ ಬೇಡ, ಬೇಸಿಗೇಲಿ ಇಲ್ಲ.

ಒರತೆ ಅಳೆಯೋಕೆ ಯಾವ ಮೆಷಿನ್ನೂ ಬೇಡ. ಒಂದು ಬಕೆಟ್, ಮೊಬೈಲಿನ ಸ್ಟಾಪ್‌ವಾಚ್, ನೀರು ಒಂದೇ ಕಡೆ ಬೀಳೋ ಹಾಗೆ ಒಂದು ತುಂಡು ಪೈಪು. ದೇವರಕಾಡಿನ ಹಿಂದಿನ ಒರತೇಲಿ 15 ಲೀಟರಿನ ಬಕೆಟ್ ತುಂಬೋಕೆ 30 ಸೆಕೆಂಡ್ ಹಿಡೀತು, ಅದೂ ಏಪ್ರಿಲ್‌ನಲ್ಲಿ. ಸೆಕೆಂಡಿಗೆ ಅರ್ಧ ಲೀಟರ್, ದಿನಕ್ಕೆ 43,200 ಲೀಟರ್. ಜಲಜೀವನ್ ಮಿಷನ್‌ನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ ಇದೆ, ಅದರ ಪ್ರಕಾರ ಈ ಒಂದು ಒರತೆ 785 ಜನಕ್ಕೆ ಸಾಕು, ನಮ್ಮೂರಲ್ಲಿ ಅಷ್ಟು ಜನಾನೇ ಇಲ್ಲ. ಅಳತೆ ಯಾವಾಗಲೂ ಬೇಸಿಗೆಯ ತುದೀಲೇ ಮಾಡಿ, ಆಗಸ್ಟಲ್ಲಿ ಅಳೆದ್ರೆ ಎಲ್ಲಾ ಒರತೆನೂ ಗಂಗೆ ತರ ಕಾಣತ್ತೆ.

ಇದಕ್ಕೆ ರೂಪಾಯಿ ಹಾಕ್ಬೇಕಾ ಅಂತ ಕೇಳ್ತಾರೆ. 1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕೋಸ್ಟಾಂಜಾ ಮತ್ತೆ ಅವರ ಜೊತೆಗಾರರು ಇಡೀ ಭೂಮಿಯ ಪರಿಸರ ಸೇವೆಗಳಿಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಅಂತ ಬೆಲೆ ಕಟ್ಟಿದ್ರು, ಅದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಏನಂದ್ರೆ, ಅದು ಇಲ್ದಿದ್ರೆ ಅದರ ಬದಲಿಗೆ ಏನು ಖರ್ಚು ಮಾಡ್ಬೇಕಾಗತ್ತೆ ಅನ್ನೋ ಲೆಕ್ಕ ಮಾತ್ರ ಊರಲ್ಲಿ ಉಪಯೋಗಕ್ಕೆ ಬರತ್ತೆ. 43,200 ಲೀಟರ್ ಅಂದ್ರೆ 6,000 ಲೀಟರಿನ ಟ್ಯಾಂಕರ್ ಏಳು ಲೋಡು, ದಿನಕ್ಕೆ. ನಿಮ್ಮೂರಿನ ಟ್ಯಾಂಕರ್ ರೇಟ್ ಹಾಕಿ ಬೇಸಿಗೆಯ 60 ದಿನಕ್ಕೆ ಗುಣಿಸಿ ನೋಡಿ. ಪಂಚಾಯ್ತೀಲಿ ಈ ಲೆಕ್ಕ ಇಟ್ಟಾಗ ಕಿವಿಗೊಡ್ತಾರೆ. ಆದ್ರೆ ದೇವರಕಾಡಿಗೆ, ಕುರಿಂಜಿ ಹೂ ಬಿಟ್ಟಾಗ ನೀಲಿಯಾಗೋ ಗಿರಿಗೆ ರೂಪಾಯಿ ಹಾಕೋದು ಬೇಡ. ಬೆಲೆ ಹಾಕಿದ್ದನ್ನ ಅದಕ್ಕಿಂತ ಜಾಸ್ತಿ ಕೊಡೋರು ಬಂದಾಗ ಕೊಟ್ಟುಬಿಡಬಹುದು ಅಂತ ಆಗತ್ತೆ.

ಗುಡ್ಡದ ವಿಷಯಕ್ಕೆ ಬಂದ್ರೆ ಲೆಕ್ಕಕ್ಕಿಂತ ಜೀವದ ಪ್ರಶ್ನೆ. 2019ರ ಆಗಸ್ಟಲ್ಲಿ ನಮ್ಮ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ, ತೋಟ, ಗದ್ದೆ ಹೋಗಿದ್ದು ನಮಗ್ಯಾರಿಗೂ ಮರೆಯೋಕಾಗಲ್ಲ. ಅಂಥಾ ಮಳೇಲಿ ಕಾಡಿದ್ರೂ ಗುಡ್ಡ ಜಾರಬಹುದು, ಬೇರು ಇದ್ರೆ ಎಲ್ಲಾ ಉಳಿಯತ್ತೆ ಅಂತ ಹೇಳೋದು ಸುಳ್ಳು. ಆದ್ರೆ ಕಡಿದಾದ ಇಳಿಜಾರಿನ ಬುಡವನ್ನ ರಸ್ತೆಗೋ ಮನೆಗೋ ಕೊರೆದ್ರೆ, ಮೇಲಿನ ನೀರಿನ ದಾರಿ ಮುಚ್ಚಿದ್ರೆ ಅಪಾಯ ಜಾಸ್ತಿ ಆಗತ್ತೆ ಅನ್ನೋದರಲ್ಲಿ ಅನುಮಾನ ಇಲ್ಲ. ಸರ್ಕಾರದ ಭೂಕುಸಿತ ನಕ್ಷೆ ಇರೋದೂ 1:50,000 ಸ್ಕೇಲಲ್ಲೇ, ಅದರಲ್ಲಿ ನಮ್ಮ ಮನೆ ಹಿಂದಿನ ಧರೆ (ಗುಡ್ಡ ಕೊರೆದಾಗ ಉಳಿಯೋ ಮಣ್ಣಿನ ಗೋಡೆ) ಕಾಣಲ್ಲ. ಹಾಗಾಗಿ ನಾವು ಊರಿನ ನಕ್ಷೇಲಿ ಕೊರೆದ ಧರೆ, ಬಿರುಕು ಬಿಟ್ಟ ಜಾಗ, ಮಳೆಗಾಲದಲ್ಲಿ ಹೊಸದಾಗಿ ಕೆಸರು ನೀರು ಬರೋ ಜಾಗ ಇವನ್ನ ಕೆಂಪಲ್ಲಿ ಹಾಕಿದೀವಿ, ಅವುಗಳ ಕೆಳಗಿನ ಮನೆಗಳನ್ನೂ ಹಾಕಿದೀವಿ. ಆನೆ ದಾರೀನೂ ಕೆಂಪಲ್ಲೇ ಇದೆ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಬೆಳಿಗ್ಗೆ ತೋಟಕ್ಕೆ ಹೋದ ಕೂಲಿಯವರು ಆನೆಗೆ ಸಿಕ್ಕಿ ಸತ್ತಿರೋದು ಎಷ್ಟೋ ಸಲ ಆಗಿದೆ, ಪ್ರಕೃತಿಯ ನಕ್ಷೆ ಅಂತ ಬರೀ ಒಳ್ಳೇದನ್ನೇ ಬರೆದ್ರೆ ಅವರ ಮನೆಯವರ ಮುಂದೆ ಅದನ್ನ ಹಾಸೋಕಾಗಲ್ಲ.

ನಕ್ಷೆ ಅಂದ ತಕ್ಷಣ ನಮ್ಮ ಕಡೆ ಜನ ಹೆದರ್ತಾರೆ, ಅದಕ್ಕೆ ಕಾರಣ ಇದೆ. ಪಶ್ಚಿಮ ಘಟ್ಟದ ಬಗ್ಗೆ 2011ರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಸಮಿತಿ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ ಬಂದಾಗಿಂದ ಸೂಕ್ಷ್ಮ ಪ್ರದೇಶದ ಪಟ್ಟೀಲಿ ನಮ್ಮೂರು ಇದ್ಯಾ ಅನ್ನೋ ಚಿಂತೆ ತಪ್ಪಿಲ್ಲ. ಎಲ್ಲೋ ಕೂತು ಯಾರೋ ಎಳೆದ ಗೆರೆ ನಾಳೆ ನನ್ನ ಒತ್ತುವರಿ ತೆಗೆಸತ್ತೆ, ಮನೆ ಕಟ್ಟೋಕೆ ಬಿಡಲ್ಲ ಅನ್ನೋ ಭಯ. ನಮ್ಮ ಶೀಟ್ ನೋಡಿದ ಹಿರಿಯರೊಬ್ಬರು "ಇದನ್ನ ಫಾರೆಸ್ಟಿನವರಿಗೆ ಕೊಡ್ತೀಯೇನಪ್ಪಾ?" ಅಂತ ಮೊದಲು ಕೇಳಿದ್ದೇ ಅದು. ಹಾಗಾಗಿ ಮೊದಲೇ ಕೂತು ಮೂರು ವಿಷಯ ತೀರ್ಮಾನ ಮಾಡ್ಕೊಂಡ್ವಿ: ನಕ್ಷೆ ಊರಿನ ಹತ್ರಾನೇ ಇರ್ಬೇಕು, ಯಾರ ಜಾಗದ ಗುರುತು ಹಾಕಿದ್ರೂ ಅವರನ್ನ ಕೇಳ್ಬೇಕು, ಬೇರೆಯವರಿಗೆ ಕೊಡೋದು ಎಲ್ರೂ ಒಪ್ಪಿದ ಮೇಲೆ. ಕೆಲವನ್ನ ನಕ್ಷೇಲಿ ಹಾಕ್ಲೇ ಇಲ್ಲ. ಔಷಧಿ ಗಿಡ, ಕಾಡಿನ ಸೀತಾಳೆ ಹೂವು, ಬೀಟೆ ಮರ ಎಲ್ಲಿದೆ ಅಂತ ಚುಕ್ಕೆ ಹಾಕಿ ಇಂಟರ್‌ನೆಟ್ಟಿಗೆ ಬಿಟ್ರೆ ಕದಿಯೋರಿಗೆ ದಾರಿ ತೋರಿಸಿದಂಗೆ.

ಗಾಡ್ಗೀಳ್ ಅವರೇ ಬಹಳ ವರ್ಷದ ಹಿಂದೆ ಜನತಾ ಜೀವವೈವಿಧ್ಯ ದಾಖಲಾತಿ ಅನ್ನೋ ಕೆಲಸಕ್ಕೆ ಹಾದಿ ಹಾಕಿದವರಲ್ಲಿ ಮುಖ್ಯರು ಅನ್ನೋದನ್ನ ಇಲ್ಲಿ ಹೇಳ್ಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತೀಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಊರಿನ ಗಿಡ, ಪ್ರಾಣಿ, ಬೀಜ, ಅದರ ಬಗ್ಗೆ ಜನಕ್ಕಿರೋ ತಿಳುವಳಿಕೆ ಎಲ್ಲಾ ಒಂದು ಪುಸ್ತಕದಲ್ಲಿ ದಾಖಲಾಗ್ಬೇಕು. 2020ರ ಜನವರಿ 31ರೊಳಗೆ ಮುಗಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟಿತ್ತು, ಅವಸರದಲ್ಲಿ ಆದ ಕೆಲಸ ಹೇಗಿರತ್ತೆ ಅಂತ ನಿಮಗೂ ಗೊತ್ತು. ನಾವು ನೋಡಿದ ಒಂದು ದಾಖಲಾತೀಲಿ ಗಿಡಗಳ ಪಟ್ಟಿ ಇತ್ತು, ಒಂದೇ ಒಂದು ಒರತೆ ಹೆಸರು ಇರ್ಲಿಲ್ಲ. ಆದ್ರೂ ಆ ಪುಸ್ತಕ ಕಾನೂನಿನ ಬಲ ಇರೋ ದಾಖಲೆ, ಅದನ್ನ ತಿದ್ದೋಕೆ ಸೇರ್ಸೋಕೆ ಅವಕಾಶ ಇದೆ. ನಿಮ್ಮ ಪಂಚಾಯ್ತೀಲಿ ಸಮಿತಿ ಯಾರ್ಯಾರು, ಪುಸ್ತಕ ಎಲ್ಲಿದೆ ಅಂತ ಹೋಗಿ ಕೇಳಿ. ಊರವರು ಮಾಡಿದ ನಕ್ಷೆಗೆ ಅಲ್ಲಿ ಒಂದು ಜಾಗ ಸಿಕ್ಕಿದ್ರೆ ನಾಳೆ ಹಡ್ಲು ಮುಚ್ಚೋ ಮಾತು ಬಂದಾಗ ತೋರಿಸೋಕೆ ಒಂದು ಕಾಗದ ಇರತ್ತೆ.

ನಮ್ಮ ಹಡ್ಲು ಪೂರ್ತಿ ವಾಪಸ್ ಬಂದಿಲ್ಲ. ಓನರ್ ಜೊತೆ ಶೀಟ್ ಹಾಸ್ಕೊಂಡು ಕೂತು ಮಾತಾಡಿದ ಮೇಲೆ, ಮಣ್ಣು ತುಂಬಿಸದೇ ಉಳಿದಿದ್ದ ಮೇಲಿನ ಮುಕ್ಕಾಲು ಎಕರೆಯನ್ನ ಹಾಗೇ ಬಿಡೋಕೆ ಒಪ್ಪಿದ್ರು, ಬಸಿಗಾಲುವೆಗೆ ಮೂರು ಕಡೆ ಮರಳು ಚೀಲದ ಕಟ್ಟು ಹಾಕೋಕೂ ಒಪ್ಪಿದ್ರು, ಅಡಿಕೆ ಬುಡಕ್ಕೆ ನೀರು ನಿಲ್ಲದಷ್ಟು ಎತ್ತರಕ್ಕೆ ಮಾತ್ರ. ಕೆಳಗಿನ ಮನೆಯವರು ಚೀಲ ತುಂಬಿಸಿ ಹೊತ್ತು ಕೊಟ್ರು. ಬಾವಿಗಳಿಗೆ ಈಗ ಹಗ್ಗಕ್ಕೆ ಗಂಟು ಹಾಕಿ ತಿಂಗಳಿಗೊಂದು ಸಲ ನೀರಿನ ಮಟ್ಟ ಅಳೆದು ಸ್ಕೂಲ್ ಮಕ್ಕಳು ಬರ್ಕೊಳ್ತಿದಾರೆ. ಅತ್ತೆ ಇನ್ನೊಂದು ಒರತೆ ಬಗ್ಗೆ ಹೇಳಿದಾರೆ, ಗುಡ್ಡದ ಆಚೆ ಮಗ್ಗುಲಲ್ಲಿ, ಅವರ ಅತ್ತೆ ಹೇಳಿದ್ದಂತೆ, ಅವರೂ ನೋಡಿಲ್ಲ. ಶೀಟಲ್ಲಿ ಅಲ್ಲಿ ಪೆನ್ಸಿಲಲ್ಲಿ ಒಂದು ಪ್ರಶ್ನೆ ಚಿಹ್ನೆ ಇದೆ. ಏಪ್ರಿಲ್ ಎರಡನೇ ವಾರ ಕತ್ತಿ, ಬಕೆಟ್ ತಗೊಂಡು ಹುಡುಕೋಕೆ ಹೋಗ್ತಿದೀವಿ.